ಅರವತ್ತೆರಡನೆಯ ಪುಟದ ಕಾರು

ಮಾನ್ಯ ಅಧ್ಯಕ್ಷರೇ, ನಮ್ಮ ಪ್ರಕಾಶಕರೇ, ಛಾಯಾಗ್ರಾಹಕರೇ, ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕುಳಿತಿರುವ ಸಭಿಕರೇ,

ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪುಟ ಜೋಡಿಸಿದವನನ್ನು ಬೀಳ್ಕೊಡಲು ಬಂದಿದ್ದೀರಿ. ಎರಡು ಮಾತಾಡಿ ಕೂತುಬಿಡಿ ಎಂದಿದ್ದಾರೆ ಪ್ರಕಾಶಕರು. ಮೊದಲನೆಯ ಮಾತು, ಕೃತಜ್ಞತೆ. ಎರಡನೆಯದು ಸ್ವಲ್ಪ ಉದ್ದ.

ನಮ್ಮ ದೇಶದಲ್ಲಿರುವ ಅಮೆರಿಕದ ಹಳೆಯ ಐಷಾರಾಮಿ ಕಾರುಗಳ ಚಿತ್ರಪುಸ್ತಕವನ್ನು ನಾವು ಹೋದ ವರ್ಷ ತಂದೆವು. ಎತ್ತಲು ಎರಡು ಕೈ ಬೇಕು. ಅದರ ಅರವತ್ತಮೂರನೆಯ ಪುಟದಲ್ಲಿರುವುದು ನಮ್ಮ ಅಧ್ಯಕ್ಷರ ಕಾರು. ಹಿಂದೆ ಮೀನಿನಂಥ ರೆಕ್ಕೆ, ಮುಂದೆ ಮುಖ ನೋಡಿಕೊಳ್ಳುವಷ್ಟು ಹೊಳಪು. ಇಂಥದ್ದು ದೇಶಕ್ಕೇ ಒಂದು ಎಂದು ಅವರು ಹೇಳುತ್ತಿದ್ದರು. ಆದರೆ ಎದುರಿನ ಅರವತ್ತೆರಡನೆಯ ಪುಟದಲ್ಲಿ ಅಂಥದ್ದೇ ಇನ್ನೊಂದು ಕಂಡಿತು. ಅಂದಿನಿಂದ ಅವರಿಗೆ ನೆಮ್ಮದಿಯಿಲ್ಲ. ಅದರ ಮಾಲೀಕ ಯಾರೆಂದು ಇಂದು ಹೇಳಲೇಬೇಕು ಎಂಬ ಷರತ್ತಿನ ಮೇಲೆಯೇ ಈ ಕುರ್ಚಿಯಲ್ಲಿ ಕುಳಿತಿದ್ದಾರೆ.

ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಪುಟದಲ್ಲಿ ಕಾರಿನ ಮೂತಿ ಪುಸ್ತಕದ ನಡುವಿನ ಮಡಿಕೆಯ ಕಡೆಗಿರಬೇಕು. ಹೊರಗೆ ಮುಖ ಮಾಡಿದರೆ ಓದುಗನೂ ಅದರ ಜೊತೆ ಹೊರಟುಬಿಡುತ್ತಾನೆ. ಅಚ್ಚಿಗೆ ಹೋಗುವ ದಿನ ನೋಡಿದರೆ, ಅರವತ್ತೆರಡಕ್ಕೆ ಬಂದಿದ್ದ ಚಿತ್ರ ಪೂರ್ತಿ ಮಸುಕು. ಛಾಯಾಗ್ರಾಹಕರು ರಜೆಯಲ್ಲಿದ್ದರು. ಹಾಗೆ ನೋಡಬೇಡಿ ಸರ್, ರಜೆಯಲ್ಲೇ ಇದ್ದಿರಿ. ನಾನೇನು ಮಾಡಲಿ? ಅಧ್ಯಕ್ಷರ ಕಾರನ್ನೇ ಎಡಬಲ ತಿರುಗಿಸಿ ಅಲ್ಲಿಟ್ಟೆ. ನಂಬರ್ ಪ್ಲೇಟು ಅಳಿಸಿದೆ. 'ಮಾಲೀಕರು ಹೆಸರು ತಿಳಿಸಿಲ್ಲ' ಎಂದು ಕೆಳಗೆ ಬರೆದೆ. ಸುಳ್ಳೇ? ಅವರನ್ನು ಯಾರೂ ಕೇಳಿರಲೇ ಇಲ್ಲ.

ಅಮೆರಿಕದ ಕಾರಿನ ಎಡಗಡೆಯ ಸ್ಟಿಯರಿಂಗು ತಿರುಗಿಸಿದ ಚಿತ್ರದಲ್ಲಿ ಬಲಕ್ಕೆ ಬಂತು. ಅನುಮಾನ ಬಂದದ್ದು ಒಬ್ಬನಿಗೇ, ಅಧ್ಯಕ್ಷರ ಮೆಕ್ಯಾನಿಕ್‌ಗೆ.

"ಸಾಹೇಬ್ರೇ, ಇಂಥ ಕಾರು ಇಲ್ಲವೇ ಇಲ್ಲ."

"ಅಚ್ಚಾಗಿದೆಯಲ್ಲೋ! ನಿನ್ನ ಮಾತು ನಿಜ, ಪುಸ್ತಕ ಸುಳ್ಳಾ?"

"ಹೌದು."

ಇಪ್ಪತ್ತೆರಡು ವರ್ಷದ ಕೆಲಸ ಆ ಒಂದು 'ಹೌದು'ಗೆ ಹೋಯಿತು.

ಅವನು ನನ್ನ ಹೆಂಡತಿಯ ತಮ್ಮ. ಐದು ತಿಂಗಳಿಂದ ನಮ್ಮ ಮನೆಯಲ್ಲೇ ಇದ್ದಾನೆ. ಮಿಕ್ಸಿ ಬಿಚ್ಚಿದ, ಫ್ಯಾನ್ ಬಿಚ್ಚಿದ, ಈಗ ನನ್ನ ಸ್ಕೂಟರು ನಡುಮನೆಯಲ್ಲಿ ಪೇಪರಿನ ಮೇಲೆ ಬಿಡಿಬಿಡಿಯಾಗಿ ಮಲಗಿದೆ. ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು: "ಭಾವಾ, ನಿಮ್ಮ ಪ್ರೆಸ್ಸಲ್ಲಿ ಆ ಪುಟ ಮಾಡಿದ ಕಳ್ಳ ಯಾರು, ಬರೀ ತೋರಿಸಿ ಸಾಕು." ಕೈಯಲ್ಲಿ ಸ್ಪ್ಯಾನರ್ ಇರುತ್ತದೆ. ನಾನು ಸಾರು ಬಡಿಸಿಕೊಳ್ಳುತ್ತೇನೆ. ಅಡುಗೆಮನೆಯಲ್ಲಿ ಹೇಳುವುದಕ್ಕಿಂತ ಮುನ್ನೂರು ಜನರೆದುರು ಹೇಳುವುದೇ ಕ್ಷೇಮ ಎನಿಸಿತು.

ನಂಬದವರು ಪುಸ್ತಕ ತೆರೆಯಿರಿ. ಎರಡೂ ಬಾನೆಟ್ಟಿನ ಮೇಲೆ ಒಂದೇ ಆಕಾರದ ಕಾಗೆ ಹಿಕ್ಕೆಯಿದೆ. ಎರಡು ಕಾರಿನ ಮೇಲೆ ಅಷ್ಟು ಅಳತೆಯಿಟ್ಟು ಹಾಕುವ ಕಾಗೆಯನ್ನು ಯಾರಾದರೂ ಕಂಡಿದ್ದೀರಾ?

ಅಧ್ಯಕ್ಷರೇ, ದೇಶಕ್ಕೆ ಒಂದೇ ಕಾರು, ಅದು ನಿಮ್ಮದೇ. ಅದನ್ನು ಗಟ್ಟಿಯಾಗಿ ಹೇಳಿದವನು ನಿಮ್ಮ ಮೆಕ್ಯಾನಿಕ್ ಒಬ್ಬನೇ. ದಯವಿಟ್ಟು ಅವನನ್ನು ವಾಪಸು ಕರೆದುಕೊಳ್ಳಿ. ಅವನ ಮಾನಕ್ಕಾಗಿ ಕೇಳುತ್ತಿದ್ದೇನೆ. ಅವನು ನನ್ನ ಫ್ರಿಜ್ ಇನ್ನೂ ಬಿಚ್ಚಿಲ್ಲ, ಅದಕ್ಕಾಗಿಯೂ ಕೇಳುತ್ತಿದ್ದೇನೆ.

ಅಧ್ಯಕ್ಷರು ಎದ್ದರು. ನನ್ನ ಕಡೆಗಲ್ಲ, ಸದ್ಯ. ಕೊನೆಯ ಸಾಲಿನಲ್ಲಿ ಕುಳಿತಿರುವ ನನ್ನ ಭಾವಮೈದುನನ ಕಡೆಗೆ ನಡೆದಿದ್ದಾರೆ. ಜೇಬಿನಿಂದ ಕಾರಿನ ಕೀ ತೆಗೆದು ಅವನ ಕೈಗೇ ಕೊಟ್ಟರು. ಚಪ್ಪಾಳೆ ತಟ್ಟಿ, ಸಭಿಕರೇ! ಜೋರಾಗಿ!

ಈಗ ಇಬ್ಬರೂ ಒಟ್ಟಿಗೆ ಈ ಕಡೆ ತಿರುಗಿದ್ದಾರೆ. ಇಬ್ಬರೂ ಬರುತ್ತಿದ್ದಾರೆ. ಪ್ರಕಾಶಕರೇ, ವೇದಿಕೆಗೆ ಹಿಂಬಾಗಿಲು ಯಾವ ಕಡೆ?

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ಇಳಿಯುತ್ತಾ ಇಳಿಯುತ್ತಲೇ, ವಂದನೆ ಮತ್ತು ನಮಸ್ಕಾರ.