ಎಲ್ಲವೂ ಎಡತೋಳುಗಳೇ

ಸನ್ಮಾನ್ಯ ಅಧ್ಯಕ್ಷರೇ, ಆಸ್ಪತ್ರೆಯ ಹಿರಿಯ ವೈದ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ದೊಡ್ಡಕ್ಕನವರೇ, ಹೊಲಿಗೆ ಕೋಣೆಯ ನನ್ನ ಅಕ್ಕತಂಗಿಯರೇ, ಹಾಗೂ ಊಟಕ್ಕೆ ಯಾವಾಗ ಕರೆಯುತ್ತಾರೋ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ನನಗೆ ವಹಿಸಿದ ಕೆಲಸ ದೊಡ್ಡಕ್ಕನ ಬಗ್ಗೆ ನಾಲ್ಕು ಮಾತಾಡುವುದು. ಆದರೆ ಅಧ್ಯಕ್ಷರು ಅದರ ಬಾಲಕ್ಕೆ ಇನ್ನೊಂದು ಕೆಲಸ ಕಟ್ಟಿದ್ದಾರೆ. ದೊಡ್ಡಕ್ಕ ಹೋದ ಮೇಲೆ ಕಟಿಂಗ್ ಮೇಜಿಗೆ ಯಾರು? ವೇದಿಕೆ ಹತ್ತುವಾಗ ಅವರು ನನ್ನ ಕಿವಿಯಲ್ಲಿ ಹೇಳಿದರು: "ನೋಡಮ್ಮ, ನೀನು ಹೂಂ ಅಂದ್ರೆ ನಮಗೆ ಸಂತೋಷ. ಇಲ್ಲಾಂದ್ರೆ ಹೊರಗಿನವರನ್ನ ಕರೀತೀವಿ. ಸಭೆ ಮುಗಿಯೋದ್ರೊಳಗೆ ಹೇಳ್ಬಿಡು." ಹಿಂದೆಯೂ ಕೇಳಿದ್ದರು, ನಾನು ಒಲ್ಲೆ ಎಂದಿದ್ದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿಸಿದ ಬಟ್ಟೆಯನ್ನು ಏನು ಮಾಡುತ್ತೀರಿ? ಯಾವ ದೇವರು ಬಂದು ಕೂಡಿಸುತ್ತಾನೆ?

ಇರಲಿ, ಮೊದಲು ದೊಡ್ಡಕ್ಕ. ಅವರು ಎತ್ತರದಲ್ಲಿ ದೊಡ್ಡವರಲ್ಲ. ಕಟಿಂಗ್ ಮೇಜಿನ ಮುಂದೆ ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಾರೆ. ದೊಡ್ಡದಾಗಿರುವುದು ಬಾಯಿ ಮಾತ್ರ. ನಗಬೇಡಿ, ಇದನ್ನು ಹೇಳಲೇಬೇಕೆಂದು ಅವರೇ ಅಪ್ಪಣೆ ಮಾಡಿದ್ದಾರೆ. ಈ ಆಸ್ಪತ್ರೆಯ ಹಾಸಿಗೆಯ ಹೊದಿಕೆ, ರೋಗಿಗಳ ಅಂಗಿ, ಶಸ್ತ್ರಚಿಕಿತ್ಸೆಯ ವೈದ್ಯರು ತೊಡುವ ಹಸಿರು ನಿಲುವಂಗಿ, ಎಲ್ಲವೂ ಮೊದಲು ಆ ಮಣೆಯ ಮುಂದಿನಿಂದಲೇ ಬಂದದ್ದು. ವೈದ್ಯರು ರೋಗಿಯನ್ನು ಕತ್ತರಿಸುವ ಮೊದಲು ದೊಡ್ಡಕ್ಕ ವೈದ್ಯರ ಅಂಗಿಯನ್ನು ಕತ್ತರಿಸಿರುತ್ತಾರೆ. ಇದು ಅವರದೇ ಮಾತು, ನನ್ನದಲ್ಲ.

ಒಮ್ಮೆ ದೊಡ್ಡಕ್ಕ ಹಲ್ಲು ಕೀಳಿಸಲು ಹೋಗಿದ್ದರು. ನಿಲುವಂಗಿಗಳು ತುರ್ತಾಗಿ ಬೇಕಾಗಿದ್ದವು. "ನೀನೇ ಮಾಡು, ಏನೂ ಆಗಲ್ಲ" ಎಂದು ಹೇಳಿ ಹೋದರು. ಆ ಬಟ್ಟೆಗೆ ಬಣ್ಣ ಒಂದೇ ಬದಿಗೆ. ಥಾನನ್ನು ಬಣ್ಣದ ಬದಿ ಮೇಲಾಗುವಂತೆ ಪದರ ಪದರವಾಗಿ ಹಾಸಿ, ಮೇಲೆ ತೋಳಿನ ಆಕಾರದ ರಟ್ಟನ್ನಿಟ್ಟು ಕತ್ತರಿಸಬೇಕು. ಅರ್ಧ ಕೆಲಸವಾದ ಮೇಲೆ ರಟ್ಟನ್ನು ಮಗುಚಿ ಇಡಬೇಕು, ಆಗಲೇ ಬಲತೋಳು ಬರುವುದು. ನಾನು ಗೆರೆ ಅಳೆದೆ, ಮತ್ತೆ ಅಳೆದೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕತ್ತರಿಸಿದೆ. ರಟ್ಟನ್ನು ಮಗುಚುವುದನ್ನೇ ಮರೆತೆ. ಥಾನು ಮುಗಿಯಿತು. ಎಲ್ಲವೂ ಎಡತೋಳುಗಳೇ! ಅಯ್ಯೋ, ಒಂದಕ್ಕಿಂತ ಒಂದು ಅಚ್ಚುಕಟ್ಟಾದ ಎಡತೋಳುಗಳು.

ನಾನು ಏನು ಮಾಡಿದೆ ಗೊತ್ತೇ? ಅಳಲಿಲ್ಲ. ಮೇಜು ಒರೆಸಿದೆ, ನೆಲ ಗುಡಿಸಿದೆ, ಎಲ್ಲರ ಕತ್ತರಿಗಳನ್ನೂ ಸಾಲಾಗಿ ಜೋಡಿಸಿದೆ. ಊಟದ ಡಬ್ಬಿಯನ್ನು ತೆರೆಯದೆ ಚೀಲಕ್ಕೆ ಹಾಕಿ, ಕೆಲಸ ಬಿಟ್ಟು ಹೋಗುವವಳಂತೆ ಬಾಗಿಲ ಬಳಿ ನಿಂತೆ. ತೋಳು ತಪ್ಪಿದ್ದಕ್ಕೆ ಇಷ್ಟೆಲ್ಲ ರಾಮಾಯಣ ಏಕೆ ಎಂದು ನೀವು ಕೇಳಬಹುದು.

ನಮ್ಮ ಮನೆಯಲ್ಲಿ ಅಪ್ಪ ಕುಡಿಯುತ್ತಿದ್ದರು. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು, ಬಂದದ್ದು ಬರಲಿ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಕುಡಿಯದ ದಿನ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಡಿಯಾರದ ಹೊಟ್ಟೆ ಬಿಚ್ಚಿ ತೋರಿಸುತ್ತಿದ್ದರು. ಆ ಅಪ್ಪನನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ. ಕುಡಿದ ದಿನ ಮೆಟ್ಟಿಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅಮ್ಮ ಪಿಸುಗುಟ್ಟುತ್ತಿದ್ದಳು: "ಪುಸ್ತಕ ಎತ್ತಿಡೇ, ಚಪ್ಪಲಿ ನೆಟ್ಟಗಿಡು, ಅಪ್ಪನಿಗೆ ಸಿಟ್ಟು ಬರೋ ಹಾಗೆ ಮಾಡ್ಬೇಡ." ಮಕ್ಕಳ ತರ್ಕ ನಿಮಗೆ ಗೊತ್ತಲ್ಲ. ಚಪ್ಪಲಿ ಸೊಟ್ಟಗಿದ್ದರೆ ಅಪ್ಪ ಕುಡಿಯುತ್ತಾರೆ, ನೆಟ್ಟಗಿದ್ದರೆ ಕುಡಿಯುವುದಿಲ್ಲ. ನೆಟ್ಟಗಿಟ್ಟೆ, ಅಪ್ಪ ಕುಡಿದೇ ಬಂದರು. ಹಾಗಾದರೆ ಇನ್ನೇನೋ ತಪ್ಪಿರಬೇಕು! ಲೋಟ ಹೊಳೆಯುವಂತೆ ತೊಳೆದೆ, ತರಗತಿಗೆ ಮೊದಲಿಗಳಾದೆ, ಜೋರಾಗಿ ಕೆಮ್ಮುವುದನ್ನೂ ಬಿಟ್ಟೆ. ಅಪ್ಪ ಕುಡಿದು ಬಂದ ದಿನ ಊಟ ಬಿಡುತ್ತಿದ್ದೆ, ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ. ಕೊನೆಗೆ ಅಪ್ಪ ತೀರಿಕೊಂಡರು. ಶಿಕ್ಷೆ ಮಾತ್ರ ನಿಲ್ಲಲಿಲ್ಲ. ನಮ್ಮ ಮನೆಗೆ ಬಂದವರೆಲ್ಲ "ಎಷ್ಟು ನೀಟಾಗಿ ಇಟ್ಕೊಂಡಿದ್ದೀರಿ!" ಎಂದು ಹೊಗಳುತ್ತಾರೆ. ಅದು ನೀಟಲ್ಲ ಸ್ವಾಮಿ, ಹೆದರಿಕೆ.

ದೊಡ್ಡಕ್ಕ ಊದಿದ ಕೆನ್ನೆ ಹಿಡಿದುಕೊಂಡು ಬಂದರು. ರಾಶಿ ನೋಡಿದರು. ಒಂದು ತೋಳನ್ನು ಎತ್ತಿ ತಿರುಗಿಸಿದರು, ಇನ್ನೊಂದನ್ನು ಎತ್ತಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ನಕ್ಕರು. ಹಲ್ಲು ಕಿತ್ತ ಜಾಗ ನೋಯುತ್ತಿದ್ದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇನ್ನು ಬಲಗೈ ಇಲ್ಲದ ಡಾಕ್ಟರನ್ನೇ ಹುಡುಕಬೇಕಲ್ಲೇ!" ಎಂದರು. ಆಮೇಲೆ ನನ್ನ ಚೀಲ ನೋಡಿದರು.

"ಊಟ ಆಯ್ತಾ?"

"ಇಲ್ಲ ದೊಡ್ಡಕ್ಕ."

"ಯಾಕೆ? ತೋಳು ತಪ್ಪಿದ್ದಕ್ಕೆ ಹೊಟ್ಟೆ ಏನು ಪಾಪ ಮಾಡ್ತು?"

ಅವರು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದಿಟ್ಟರು. "ಇದನ್ನ ಹೊಸದಾಗಿ ಸೇರಿರೋ ಆ ಹುಡುಗಿ ಮಾಡಿದ್ದಿದ್ರೆ ಏನಂತಿದ್ದೆ?" "ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ ಅಂತಿದ್ದೆ" ಎಂದೆ ನಾನು. "ಅಷ್ಟೇ. ಅದನ್ನೇ ನಿನಗೆ ಹೇಳ್ಕೋ. ಗಟ್ಟಿಯಾಗಿ ಹೇಳು, ನಂಗೆ ಕೇಳಿಸ್ಬೇಕು."

ಸಭಿಕರೇ, ನಂಬಿ, ಹೇಳಲು ಆಗಲಿಲ್ಲ. ಊರಿನವರಿಗೆಲ್ಲ ಹೇಳಿದ ಮಾತು ನನಗಾಗಿ ಗಂಟಲಿನಿಂದ ಹೊರಡಲಿಲ್ಲ. ಬಾಯಿ ತೆರೆದರೆ ಅಳು ಬಂತು. ದೊಡ್ಡಕ್ಕ ಬಿಡಲಿಲ್ಲ, ಅಳುತ್ತಿದ್ದವಳಿಗೇ ಉಣ್ಣಿಸಿದರು. ಆ ತೋಳುಗಳಿಂದ ಹೆರಿಗೆ ವಾರ್ಡಿನ ಕೂಸುಗಳಿಗೆ ಟೊಪ್ಪಿ ಹೊಲಿಸಿದರು. ಆಮೇಲೆ ನಾನು ತಪ್ಪಿದಾಗಲೆಲ್ಲ ಮಣೆಯ ಮೇಲಿಂದಲೇ ಕೂಗುತ್ತಿದ್ದರು: "ಹೇಳ್ಕೊಂಡ್ಯಾ?" ನಾನು ನಾಚಿಕೊಂಡು "ಹೋಗ್ಲಿ ಬಿಡು" ಎಂದು ಗೊಣಗುತ್ತಿದ್ದೆ. "ಕೇಳಿಸ್ಲಿಲ್ಲ!" ಎನ್ನುತ್ತಿದ್ದರು. ಮೊದಮೊದಲು ಸುಳ್ಳು ಹೇಳಿದಂತೆ ಅನ್ನಿಸುತ್ತಿತ್ತು. ಯಾವಾಗ ನಿಜವಾಯಿತೋ ನನಗೆ ಗೊತ್ತಿಲ್ಲ. ಈಗಲೂ ಕೆಲವು ದಿನ ನಿಜವೆನಿಸುವುದಿಲ್ಲ, ಆದರೂ ಹೇಳಿಕೊಳ್ಳುತ್ತೇನೆ. ನನ್ನ ಮೇಲೆ ನಾನೇ ಕೈ ಎತ್ತುವುದನ್ನು ತಡೆದವರು ಇವರು. ದೊಡ್ಡಕ್ಕ, ನಿಮ್ಮ ಋಣ ನಾನು ಹೇಗೆ ತೀರಿಸಲಿ? ತೀರಿಸುವುದಿಲ್ಲ, ಇಟ್ಟುಕೊಳ್ಳುತ್ತೇನೆ.

ಅಧ್ಯಕ್ಷರೇ, ನಿಮ್ಮ ಪ್ರಶ್ನೆಗೆ ಉತ್ತರ: ಹೂಂ. ನಾಳೆಯಿಂದ ಕಟಿಂಗ್ ಮೇಜಿಗೆ ನಾನೇ. ಬಟ್ಟೆ ಹಾಳು ಮಾಡುತ್ತೇನೆ, ಖಂಡಿತ ಮಾಡುತ್ತೇನೆ. ಆಸ್ಪತ್ರೆ ಅದಕ್ಕೆ ಸಿದ್ಧವಾಗಿರಲಿ. ನಾನಂತೂ ಸಿದ್ಧಳಾಗಿದ್ದೇನೆ.

ಮುಗಿಸುವ ಮುನ್ನ ಒಂದೇ ಮಾತು. ನನ್ನ ಅಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ. ನಾನು ಅಪ್ಪನ ವಿಷಯ ಎತ್ತಿದಾಗಿನಿಂದ ತಲೆ ತಗ್ಗಿಸಿದವಳು ಇನ್ನೂ ಎತ್ತಿಲ್ಲ. ನಾವಿಬ್ಬರೂ ಈ ಮಾತನ್ನು ಮನೆಯೊಳಗೆ ಒಂದು ಸಲವೂ ಆಡಿಲ್ಲ. ಮೈಕಿನಲ್ಲಿ ಆಡುತ್ತಿದ್ದೇನೆ, ತಪ್ಪಾದರೆ ಹೋಗಲಿ ಬಿಡಿ. ಅಮ್ಮಾ, ಇಲ್ಲಿ ನೋಡು. ಅಪ್ಪ ಕುಡಿದದ್ದು ನನ್ನಿಂದಲ್ಲ. ನಿನ್ನಿಂದಲೂ ಅಲ್ಲ ಅಮ್ಮಾ.

ಊಟ ತಡವಾದರೂ ಎದ್ದು ಹೋಗದೆ ಕೂತ ನಿಮಗೆಲ್ಲ ನಾನು ಕೃತಜ್ಞಳು. ನಮಸ್ಕಾರ.