ಕಾರ್ಗಿಲ್ ಮೀನಿನ ಚಿತ್ರ

ಉಪ್ಪುಂದದ ಬಸ್ ನಿಲ್ದಾಣದಲ್ಲಿ ಬೈಂದೂರಿನ ಬಸ್ಸಿಗೆ ಕಾಯುತ್ತಿದ್ದ ರಾಜೇಂದ್ರ ಮಾಸ್ತರರ ಪಕ್ಕ, ಆಳಸಮುದ್ರದ ಬೋಟಿಗೆ ಹೋಗುವ ಮುತ್ತು ಮತ್ತು ಅವನ ಮಗಳು ಪೂಜಿತಾ ಬಂದು ನಿಂತರು. ಮಗಳ ಕೈಯಲ್ಲಿದ್ದ ಚಿತ್ರದ ಸುರುಳಿಯನ್ನು ಮುತ್ತು ಬಿಚ್ಚಿ ನೋಡಿದ.

“ಇದ್ ಎಂತ, ಹೆಣೆ?”

“ಆಳ ಕಡಲಿನ ಮೀನ್, ಅಪ್ಪಯ್ಯ. ಕಡಲ್ ಜೀವಿ ಉಳ್ಸಿ ಅಂದೇಳಿ ಸ್ಪರ್ಧೆ. ಹನ್ನೊಂದ್ ಗಂಟಿ ಒಳ್ಗೆ ಕುಂದಾಪ್ರದಗೆ ಕೊಡ್ಕ್.”

“ಇದ್ ಕಾರ್ಗಿಲ್ ಮೀನ್ ಅಲ್ದಾ?”

ಕಾರ್ಗಿಲ್ ಯುದ್ಧದ ಹೊತ್ತಿಗೆ ಹಿಂಡುಹಿಂಡಾಗಿ ಬಂದ ನೀಲಿ ಮೀನಿಗೆ ಬೋಟಿನವರಿಟ್ಟ ಹೆಸರು ಅದು.

“ಹೌದ್. ಚಂದ ಇತ್ತಲ್ದಾ?”

“ಚಂದ ಅಂಬ್ರ್. ನಾಲ್ಕ್ ದಿನದಿಂದ ಬಲಿ ಹೊಲಿತಿದ್ದೆ ನಾನ್. ಹರ್ದದ್ ಇದೇ. ತಿಂಬುಕೂ ಆತ್ತಿಲ್ಲೆ, ಗೊಬ್ಬರಕ್ಕೆ ಹೋಪ ಮೀನ್. ತಿಂಬು ಅಂಜಲ್ ಮೀನಿನ ಚಿತ್ರ ಬರುಕಾತ್ತಿಲ್ಯಾ?”

“ಅಂಜಲ್ ಹಿಡಿಬೇಡಿ ಅಂದ್ರೆ ನಾವ್ ಎಂತ ತಿಂಬುದ್? ಇದನ್ನ ಉಳ್ಸಿ ಅಂದ್ರೆ ನಮ್ಗ್ ಎಂತ ನಷ್ಟ ಇಲ್ಲೆ.”

ಮುತ್ತು ಹಾಳೆಯ ಹಿಂಬದಿ ತಿರುಗಿಸಿದ.

“ನನ್ನ ಹೆಸ್ರ್ ಯಾಕ್ ಬರ್ದದ್?”

“ತಂದೆ ಹೆಸ್ರ್ ಬೇಕಂಬ್ರ್.”

“ಬೋಟಿನವ್ರ್ ಕಂಡ್ರೆ ನನ್ನ ಹತ್ತುಕ್ ಬಿಡ್ತ್ರಾ ಮಾರಾಯ್ತಿ? ಅಳ್ಸ್ ಅದನ್ನ.”

“ಹೆಸ್ರಾ, ಮೀನಾ?”

ಅಷ್ಟರಲ್ಲಿ ಕುಂದಾಪುರದ ಬಸ್ಸು ಬಂತು. ಪೂಜಿತಾ ಕದಲಲಿಲ್ಲ. ಮುತ್ತು ಚಿತ್ರವನ್ನು ಇನ್ನೊಮ್ಮೆ ದಿಟ್ಟಿಸಿದ.

“ಹಲ್ಲೇ ಬರ್ದಿಲ್ಲೆ ನೀ. ಇದ್ರ ಹಲ್ಲ್ ಕೆಂಪ್. ಬಸ್ಸಲ್ಲಿ ಕೂತ್ಕಂಡ್ ಸಮಾ ಬರಿ. ಉಳ್ಸುವರಿಗೂ ಗೊತ್ತಾಯ್ಲಿ, ಅದ್ ಎಂಥದ್ದಂದೇಳಿ.”

ಸುರುಳಿ ಮುದುಡದಂತೆ ತಲೆಯ ಮೇಲೆತ್ತಿ ಹಿಡಿದು ಅವನು ಬಸ್ಸಿನ ನೂಕುನುಗ್ಗಲಿಗೆ ನುಗ್ಗಿದ.