ಭರಮಪ್ಪಜ್ಜನ ಬ್ಯಾನಿಗೊಂದು ಹೆಸರು

ಹಂಗಲ್ಲಬೇ, ನೌಕರಿ ಸಿಕ್ಕದ್ದೇನೋ ಖರೆ, ಕಲಸೂದ ಕಠಿಣ ಇತ್ತು. ಎಪ್ಪತ್ತೆರಡೋ ಮೂರೋ, ಇರ್ಲಿ ಬಿಡ್ರಿ, ಇತಿಹಾಸ ಕಲಸೂ ಅಕ್ಕೋರಾಗಿ ಶಲವಡಿ ಊರಿನ ಸಾಲಿಗೆ ಹೋದೆ. ಅದ ನನ್ನ ಮೊದಲನೇ ನೌಕರಿ. ಭರಮಪ್ಪಜ್ಜ, ನೀಲವ್ವಜ್ಜಿ ಅಂತ ಗಂಡ ಹೆಂಡ್ತಿ ಇಬ್ಬರ ಮುದುಕ್ರು, ಅವರ ಮನ್ಯಾಗ ಒಂದು ಖೋಲಿ ಹಿಡಿದಿದ್ದೆ. ಅಜ್ಜಂದು ಮಾತು ಕಡಿಮಿ. ಹರೇದಾಗ ಇಂಗ್ರೇಜರ ಫೌಜಿನ್ಯಾಗ ದೂರದೇಶಕ್ಕ ಹೋಗಿ, ಲಡಾಯಿಯೊಳಗ ಹೇಸರಗತ್ತಿ ಸಂಭಾಳಿಸಿ ಬಂದಾಂವ. ಎಲ್ಲಿಯರ ಪಟಾಕ್ಷಿ ಹಾರಿದ್ರ ಸಾಕು, ಗ್ವಾಡಿಗೆ ಹತ್ತಿ ಕುಂತು ಗಡಗಡ ನಡಗಾಂವ. ಓಣಿ ಹುಡುಗ್ರು ಬೇಕಂತನ ತಗಡು ಬಡದು 'ಹುಚ್ಚ ಭರಮಪ್ಪ' ಅಂತ ಓಡತಿದ್ರು.

ಒಂದ್ ಸಂಜಿ ಮುಂದ ಪಡಸಾಲ್ಯಾಗ ಕುಂತು ಮರುದಿನದ ಪಾಠದ ಕಠಿಣ ಶಬ್ದ ಬರಕೋತ ಜೋರಾಗಿ ಓದತಿದ್ದೆ. ಮೊದಲನೇ ಮಹಾಯುದ್ಧದ ಪಾಠ. "ಕಂದಕ ಅಂದ್ರ ಸೈನಿಕರು ಅಡಗಿ ಕೂಡ್ರಾಕ ತೋಡಿದ ತಗ್ಗು. ಮುಳ್ಳುತಂತಿ. ವಿಷಗಾಳಿ..." ಬಾಜೂಕ ಇದ್ದ ಅಜ್ಜ ತಟಕ್ನ, "ನಾವು ಮೋರ್ಚಾ ಅಂತಿದ್ವಿ ಅಕ್ಕೋರ. ಒಳಗ ಮೊಣಕಾಲ ಮಟ ರಾಡಿ" ಅಂದ. ಅಜ್ಜಿ ಜ್ವಾಳ ಹಸನ ಮಾಡೂದು ಬಿಟ್ಟು ನೋಡಿದ್ಲು. ಐವತ್ತು ವರ್ಷದಾಗ ಅಂವ ಆ ಮಾತ ತಗದಿದ್ದಿಲ್ಲಂತ! "ಮುಂದ ಓದ್ರಿ ಅಕ್ಕೋರ" ಅಂದ್ಲು.

ಮುಂದಿನ ಶಬ್ದ 'ಶೆಲ್ ಶಾಕ್'. ಕನ್ನಡದಾಗ ಏನನ್ನಬೇಕು, ತಿಳೀವಲ್ದು. 'ಗುಂಡಿನ ಆಘಾತ' ಅಂತ ಬರದು ಹೊಡದಹಾಕಿದ್ದೆ. ಬಿಡಿಸಿ ಹೇಳಿದೆ: "ದಿನಗಟ್ಟಲೆ ತೋಪಿನ ಸಪ್ಪಳ ಕೇಳಿ ಜೀವ ಬೆದರಿಬಿಡ್ತೈತ್ರಿ. ಊರಿಗೆ ಬಂದ ಮ್ಯಾಲೂ ಕೈ ನಡಗತಾವ, ತಗ್ಗಿನ್ಯಾಗ ಇಳಿಯಾಕ ಅಂಜತಾರ. ಹುಚ್ಚಲ್ಲ, ಹೇಡಿತನಾನೂ ಅಲ್ಲ. ಭಾಳ ಮಂದಿ ಸಿಪಾಯಿಗಳಿಗೆ ಇತ್ತಂತ. ಅದೊಂದು ಬ್ಯಾನಿ."

ಅಜ್ಜಿ ಜ್ವಾಳದ ಮರ ಬಾಜೂಕ ಸರಿಸಿದ್ಲು. "ಹಗೇವಿನ್ಯಾಗ ಇಳೀಲಿಲ್ಲಂತ ಮೈದುನರು ನಕ್ರು ಅಕ್ಕೋರ." ಹಗೇವು ಅಂದ್ರ ಜ್ವಾಳ ತುಂಬಿಡೂ ನೆಲದಾಗಿನ ತಗ್ಗು, ನೀವೆಲ್ಲಿ ನೋಡೀರಿ! "ಕಚ್ಚಿ ಹಾಕ್ಕೊಂಡು ನಾನ ಇಳದು ಜ್ವಾಳ ತಗದೆ. ನಮ್ಮತ್ತಿ 'ಎಲ್ಲಾ ನಿನ್ನ ಕಾಲ್ಗುಣ' ಅಂದ್ಲು. ಬ್ಯಾನಿ ಅಂತ ಯಾರೂ ಹೇಳ್ಲಿಲ್ಲಲ್ರಿ ನಮಗ!"

ಅಜ್ಜ ಸಾವಕಾಶ ಕೇಳಿದ, "ಅಂದ್ರ, ನಾ ಒಬ್ಬಾಂವ ಅಲ್ಲೇನು?"

"ಅಲ್ರೀ" ಅಂತ ಅಜ್ಜಿ ನನ್ನ ಎದುರಿಗೇ ಅವನ ಕೈ ಹಿಡದು ಕುಂತ್ಲು. ಆಗಿನ ಕಾಲದಾಗ ಹಂಗ ಯಾರ ಕುಂದರತಿದ್ರು! ನಾ ವಹಿ ಮುಚ್ಚಿ ಒಳಗ ಹೋದೆ.

ಮರುದಿನ, ಅಲ್ಲ, ಅದರ ಮರುದಿನ, ಅಜ್ಜನ್ನ ಕ್ಲಾಸಿಗೆ ಕರಕೊಂಡು ಹೋದೆ. ತೊಳದ ಪಟಗಾ ಸುತ್ತಿಕೊಂಡು ಬಂದಿದ್ದ. ಮುಂದಿನ ಸಾಲಿನ ಹುಡುಗಿ ಎದ್ದು, "ಅಜ್ಜಾರ, ಅಂಜಿಕಿ ಬಂದಿತ್ತೇನ್ರಿ?" ಅಂದ್ಲು. "ಬಂದಿತ್ತವಾ. ಇನ್ನೂ ಐತಿ. ನಿಮ್ಮ ತಗಡಿಗೂ ಅಂಜತೇನಿ" ಅಂದ. ಯಾರೂ ಮ್ಯಾಲ ನೋಡ್ಲಿಲ್ಲ. ಆಮ್ಯಾಲ ತಗಡಿನ ಸಪ್ಪಳ ನಿಂತಹೋತು.

ಅಜ್ಜನ ನಡುಕ ಹೋತೇನು? ಎಲ್ಲೀದು, ಸಾಯೂತನಾ ಇತ್ತು. ಆದ್ರ ಹುಡುಗ್ರು ಮನ್ಯಾಗ ಹೇಳಿದ್ರೇನೋ, ಸಿಡ್ಲು ಹೊಡದಾಗ ಬಾಜೂಮನಿ ಮಂದಿ ಬಂದು ಅವನ ಕೂಡ ಸುಮ್ಮನ ಕುಂದರತಿದ್ರು. ಒಬ್ರ ಸಂಕಟ ತಿಳೀಲಿಲ್ಲಂದ್ರ ನಗಬ್ಯಾಡ್ರಿ, ಹತ್ರ ಹೋಗಿ ಕುಂದರ್ರಿ, ಅಷ್ಟ. ಏಳ್ರಿ ಈಗ, ರೊಟ್ಟಿ ಆರತಾವು.